ಅವ್ವ ಹಾಡಿಕೊಂಡು ಅತ್ತದ್ದು

ನಮ್ಮ ಕೇಳುಗರ ಗುಂಪಿನಲ್ಲಿ ಹದಿನಾಲ್ಕು ಜನ. ಯಾರೂ ಯಾರನ್ನೂ ಎದುರಿಗೆ ಕಂಡವರಲ್ಲ. ರವಿವಾರ ಸಂಜೆ ನಾಲ್ಕಕ್ಕೆ ಆನ್‌ಲೈನಿನಲ್ಲಿ ಸೇರುತ್ತೇವೆ. ಸರದಿ ಬಂದವರು ಉಳಿದವರು ಕೇಳಿರದ ಬಗೆಯ ಹಾಡೊಂದನ್ನು ತರಬೇಕು. ಮುಗಿಯುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು, ನಡುವೆ ನಿಲ್ಲಿಸಬಾರದು, ಹಾಡಿದವರ ಒಪ್ಪಿಗೆ ಇರಬೇಕು. ಒಬ್ಬರು ಒಂಟೆ ಮೇಯಿಸುವವರ ಹಾಡು ತಂದು ದೊಡ್ಡವರಾದರು, ಇನ್ನೊಬ್ಬರು ಜೇನು ಕೀಳುವವರದು ತಂದರು. ನನಗೆ ಹೊಟ್ಟೆಕಿಚ್ಚು. ಇವರೆಲ್ಲರ ಬಾಯಿ ಮುಚ್ಚಿಸುವಂಥದ್ದು ನನ್ನ ಫೋನಿನಲ್ಲೇ ಇತ್ತು.

ನಮ್ಮ ಧಾರವಾಡದ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಊಟ, ಸಿಟ್ಟು ಎಲ್ಲ ಅದರಲ್ಲಿ ಬರುತ್ತದೆ. ಮಗಳಾದವಳು ತಾಯಿಯ ಕೊರಳಿಗೆ ಬಿದ್ದು ದನಿಗೂಡಿಸಬೇಕು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವ್ವ ಹಾಗೆ ಅತ್ತಳು. ನಾನು ದೂರ ಗೋಡೆಗೆ ಒರಗಿ, ಸೆರಗಿನ ಮರೆಯಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಅಂಥ ದನಿಯನ್ನು ನಾನು ಎಲ್ಲೂ ಕೇಳಿರಲಿಲ್ಲ, ಕಳೆದುಹೋದೀತೆಂಬ ಗಾಬರಿ. ಯಾರಿಗೂ ಹೇಳಲಿಲ್ಲ.

ಆಮೇಲೆ ಅವ್ವನನ್ನು ಕೋಲ್ಕತ್ತದ ಬಾಲಿಗಂಜಿನ ನನ್ನ ಫ್ಲಾಟಿಗೆ ಕರೆತಂದೆ. ನನ್ನ ಸರದಿ ಬಂದಾಗ ಗುಂಪಿನವರಿಗೆ, ಹಾಡಿದವಳು ನಮ್ಮೂರ ಕಡೆಯ ಒಬ್ಬ ಹಾಡುಗಾರ್ತಿ, ಒಪ್ಪಿಗೆ ಕೊಟ್ಟಿದ್ದಾಳೆ ಎಂದು ಹಸಿ ಸುಳ್ಳು ಹೇಳಿದೆ. ಆ ರವಿವಾರ ಅವ್ವ ಅಡುಗೆಮನೆಯಲ್ಲಿ ಪೊಟೋಲ್ ಎಂಬ ಇಲ್ಲಿಯ ತರಕಾರಿ ಹೆಚ್ಚುತ್ತಿದ್ದಳು. ಕೋಣೆಯ ಬಾಗಿಲು ಮುಂದೆ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪಿನಿಂದ ಎಲ್ಲರಿಗೂ ಹಾಡು ಬಿಟ್ಟೆ. ಏಳು ನಿಮಿಷ. ಕಣ್ಣೆಲ್ಲ ಬಾಗಿಲ ಮೇಲೆ.

ನಾಲ್ಕನೆಯ ನಿಮಿಷಕ್ಕೆ ಹೆಡ್‌ಫೋನಿನ ಚಾರ್ಜ್ ಮುಗಿಯಿತು. ಅವ್ವನ ಅಳು ಲ್ಯಾಪ್‌ಟಾಪಿನ ಸ್ಪೀಕರಿನಿಂದ ಕೋಣೆಯ ತುಂಬ ಬಂತು. ನಿಲ್ಲಿಸಬಹುದಿತ್ತು, ಬೆರಳು ಅಲ್ಲೇ ಇತ್ತು. ಆದರೆ ನಾನು ನಿಲ್ಲಿಸಿದರೆ ಉಳಿದ ಹದಿಮೂರು ಜನರಿಗೂ ನಿಲ್ಲುತ್ತದೆ, ಮರ್ಯಾದೆ ಹೋಗುತ್ತದೆ ಎಂದುಕೊಂಡು ನನ್ನ ಕಡೆಯ ಸದ್ದು ಮಾತ್ರ ತಗ್ಗಿಸಲು ಹೋದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಅವ್ವ ಬೈಯಲಿಲ್ಲ. ಒದ್ದೆ ಕೈಯಲ್ಲೇ ಮಂಚದ ತುದಿಗೆ ಕೂತು, ತಗ್ಗಿಸಬೇಡವೆಂದು ಸನ್ನೆ ಮಾಡಿ, ಕೊನೆಯವರೆಗೂ ಕೇಳಿದಳು. ಮುಗಿದದ್ದೇ ಗುಂಪಿನವರು ಶುರುಹಚ್ಚಿಕೊಂಡರು. ದನಿ ಇಳಿಯುವ ಬಗೆಯನ್ನು ಒಬ್ಬರು ಹೊಗಳಿದರು. ಈ ಹಾಡುಗಾರ್ತಿಯ ಬೇರೆ ಹಾಡುಗಳು ಸಿಗುತ್ತವೆಯೇ ಎಂದು ಇನ್ನೊಬ್ಬರು ಹಿಂದಿಯಲ್ಲಿ ಕೇಳಿದರು. ಅಷ್ಟು ಹಿಂದಿ ಅವ್ವನಿಗೆ ತಿಳಿಯುತ್ತದೆ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ತಪ್ಪಾಯಿತೆಂದು ಕಾಲು ಹಿಡಿಯಲು ಹೋದರೆ ಕಾಲು ಹಿಂದಕ್ಕೆಳೆದುಕೊಂಡಳು. ಹೊರಗಿನವರಿಗೆಲ್ಲ ಕೇಳಿಸಿದೆನೆಂದು ಸಿಟ್ಟೇನೋ ಅಂದುಕೊಂಡೆ. ಅದಲ್ಲ. ಅಪ್ಪ ಹೋದ ದಿನ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಊರಿನಲ್ಲಿರುವ ಸೋದರತ್ತೆ ಆಡಿಕೊಂಡಿದ್ದಳಂತೆ. ಅತ್ತೆಯ ಜೊತೆ ಅವ್ವ ಮಾತು ಬಿಟ್ಟದ್ದು ಅದಕ್ಕೇ ಎಂದು ನನಗೆ ತಿಳಿದದ್ದೇ ಆಗ.

“ನನ್ನ ಮಗಳು ಒಳಗೊಳಗ ಅಳತಾಳ ಅಂತ ಹೇಳಿ ಅವರ ಜೋಡಿ ಜಗಳಾಡಿದೆ,” ಎಂದಳು. “ನೀ ಅತ್ತರ ಈ ರೆಕಾರ್ಡಿನ್ಯಾಗ ನಿನ್ನ ದನಿ ಬರತೈತಂತ ಸುಮ್ಮ ಕುಂತಿದ್ದ್ಯೇನ?”

ಹೌದು ಎಂದೆ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು, ತನ್ನ ಫೋನ್ ತೆಗೆದು, ಎರಡು ವರ್ಷದ ಮೇಲೆ ಅತ್ತೆಗೆ ಫೋನ್ ಹಚ್ಚಿದಳು. ನನ್ನೆದುರಿಗೇ, “ಅಕ್ಕಾರ, ಅವತ್ತ ನೀವು ಅಂದಿದ್ದ ಖರೇ ಐತ್ರಿ,” ಎಂದಳು.