ಮಸಿ ಹಿಡಿದ ತಪ್ಪಲೆ

ಕಾರವಾರದಲ್ಲಿ ಭಾನುವಾರಗಳಂದು ಫೋಟೋಗ್ರಫಿ ಕಲಿಸುವ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: "ಅಕ್ಕೋರೆ, ಅಲ್ಲಾಡದ ಸಾಮಾನಿಂದ ಸುರು ಮಾಡಿ. ಒಂದು ಕಿಟಕಿ, ಮೂರು ಸಾಮಾನು, ಒಂದು ತಿಂಗಳು."

ಉಳಿದವರು ಹೂವು, ಹಣ್ಣು ಆರಿಸಿಕೊಂಡರು. ನಾನು ಭಾವಿಕೇರಿಯ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಆಯಿಯ ತಾಮ್ರದ ತಪ್ಪಲೆ, ಒಡೆದ ತೆಂಗಿನ ಒಂದು ಕಾಯಿಕಡಿ, ತಟ್ಟೆಯಲ್ಲಿ ಎರಡು ಬಂಗಡೆ ಮೀನು ಇಟ್ಟೆ. ಆಯಿ ಎಂದರೆ ನನ್ನ ತಾಯಿ, ಈಗ ಕಿನ್ನರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ತೋಡೂರಿನಲ್ಲಿ ನನ್ನ ತವರುಮನೆಯಿದ್ದ ಜಾಗ ನೌಕಾನೆಲೆಯ ಬೇಲಿಯೊಳಗೆ ಹೋಗಿದೆ. ಆ ಮನೆಯಲ್ಲಿ ತೆಗೆದ ಮದುವೆ ಫೋಟೋಗಳಿವೆ, ಎಲ್ಲದರಲ್ಲೂ ಅಂಗಳವೇ. ಅಡುಗೆಮನೆಯ ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಯಿಯ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಪೂರ್ತಿ ಕಾಣದಾಗುವುದರೊಳಗೆ ಆ ಅಡುಗೆಮನೆಯಂಥ ಒಂದು ಚಿತ್ರ ನೋಡಿ ಅವಳು "ಇದು ನಂದು" ಅನ್ನಬೇಕು. ನನಗಿದ್ದ ಆಸೆ ಅಷ್ಟೇ.

"ಬಂಗಡೆಗೆ ಮದುವೆ ಫೋಟೋನಾ? ಸಾರು ಯಾವಾಗ ಆಗೂದು?" ಎಂದು ಯಜಮಾನರು ಎರಡು ಸಲ ಇಣುಕಿ ಹೋದರು.

ಮುಂದಿನ ಭಾನುವಾರ ಕ್ಲಾಸು ಮುಗಿಸಿ ಕಿನ್ನರಕ್ಕೆ ಹೋಗಿ ಆಯಿಗೆ ಚಿತ್ರ ತೋರಿಸಿದೆ.

"ಯಾರ ಮನೆದೆ ಇದು? ಚಲೋ ಇಟ್ಕಂಡಿದ್ರು."

"ತಪ್ಪಲೆ ನಿಂದೇ, ಆಯಿ."

"ನಂದಾ? ಮೂರು ಹೊತ್ತೂ ಒಲೆ ಮೇಲಿದ್ದಿದ್ದು, ಇಷ್ಟು ಹೊಳೀತದ್ಯಾ? ಸುಳ್ಳು ಹೇಳ್ಬೇಡ, ಮಾರಾಯ್ತಿ."

ತಪ್ಪು ನನ್ನದೇ. ಫೋಟೋಕ್ಕೆ ಅಂತ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಬೆಳಗಿದ್ದೆ. ನಾಲ್ಕು ಮಂದಿಯ ಕಣ್ಣಿಗೆ ಬೀಳುವ ಪಾತ್ರೆಯನ್ನು ಬೆಳಗದೆ ಇಡಬಾರದು ಎಂದು ಕಲಿಸಿದವಳೂ ಅವಳೇ.

ಆ ತಪ್ಪಲೆಯನ್ನು ಹನ್ನೆರಡು ದಿನ ಬಚ್ಚಲ ಒಲೆಯ ಮೇಲಿಟ್ಟೆ. ಸೌದೆಯ ಹೊಗೆಗೆ ಮೊದಲು ತಳ, ಆಮೇಲೆ ಮೈ ಕಪ್ಪಾಯಿತು. ತೋಡೂರಿನ ಅಡುಗೆಮನೆಯ ಕಿಟಕಿ ಸಣ್ಣದಿತ್ತು. ಅದಕ್ಕೆಂದು ನಮ್ಮ ಕಿಟಕಿಯ ಅರ್ಧಕ್ಕೆ ಗೋಣಿ ಕಟ್ಟಿದೆ. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬಂದು ತಪ್ಪಲೆಯ ಕಂಠಕ್ಕೆ ತಾಗುವವರೆಗೂ ಕಾದು ಕೂತೆ. ಬಂಗಡೆ ಹೊಸತು ತರಿಸಿದ್ದೆ.

ಈ ಸಲ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಆಯಿ ಅದನ್ನು ಮೂಗಿನ ಹತ್ತಿರ ಹಿಡಿದಳು. ಬೆರಳಿನಿಂದ ತಪ್ಪಲೆಯ ಕಪ್ಪನ್ನು ಸವರಿದಳು, ಆಮೇಲೆ ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಬಂಗಡೆ ಮುಚ್ಚಿಡೆ, ಬೆಕ್ಕು ಬತ್ತದೆ" ಎಂದಳು.

ಅಣ್ಣನ ಮನೆಯಲ್ಲಿ ಬೆಕ್ಕಿಲ್ಲ, ನಮ್ಮಲ್ಲೂ ಇಲ್ಲ. ಬೆಕ್ಕು ಇದ್ದದ್ದು ತೋಡೂರಿನಲ್ಲಿ.

"ಮುಚ್ಚಿದೆ, ಆಯಿ" ಎಂದೆ.