ನಮ್ಮ ಕೊಬ್ಬರಿ ದಿಲ್ಲಿಗೇ ಗೊತ್ತು!

ಹೋದ ವಾರ ನನ್ನ ಬಾಯಿಗೆ ಬೀಗ ಬಿತ್ತು. (ಸುದ್ದಿ ಕೇಳಿ ಮನೆಯವಳು ಪಾಯಸ ಮಾಡಿದಳು.) ಬೀಗ ಹಾಕಿದವರು ನಮ್ಮ ರಹಮತ್ ಸಾಬರು. ಕೊಬ್ಬರಿ ಚೀಲಗಳು ದಿಲ್ಲಿಗೆ ಹೊರಡುವ ಮುಂಚೆ ಅವುಗಳ ಮೇಲೆ ನಮ್ಮ ಅಂಗಡಿಯ ಮಾರ್ಕು ಬರೆಯುವವರು.

ಎರಡು ತಿಂಗಳ ಹಿಂದೆ ಸಾಬರು ಕುವೈತಿನಿಂದ ಬಂದ ಕಾಗದ ಹಿಡಿದು ಬಂದರು. ಅಲ್ಲಿ ಮೆಕ್ಯಾನಿಕ್ ಆಗಿರುವ ಅವರ ತಮ್ಮ, ಅತ್ತಿಗೆಯ ಕಣ್ಣಿನ ಪೊರೆ ಆಪರೇಷನ್ನಿಗೆ ಬ್ಯಾಂಕಿನ ಮೂಲಕ ಹಣ ಕಳಿಸಲು ಹೊರಟಿದ್ದ. ಬೆಂಗಳೂರಿನ ಡಾಕ್ಟರು ತಾರೀಖು ಕೊಟ್ಟಾಗಿತ್ತು. ಆದರೆ ಅಲ್ಲಿನ ಬ್ಯಾಂಕಿನವರು ಬ್ರಾಂಚಿನ ಹೆಸರೊಂದೇ ಸಾಲದು, ಕೋಡ್ ನಂಬರೂ ಬೇಕು ಅಂದರಂತೆ.

"ಬ್ಯಾಂಕಿಗೋಗಿ ಕೇಳ್ಕಂಡ್ ಬರ್ಲಾ ಅಣ್ಣಾ?" ಅಂದರು ಸಾಬರು.

ನಾನು ಸುಮ್ಮನಿರಬೇಕಿತ್ತು. ಇರುತ್ತೇನೆಯೇ?

"ಕೋಡೂ ಬೇಡ ಗೀಡೂ ಬೇಡ, ಬುಡಿ ಸಾಬ್ರೇ. ನಮ್ಮ ಕೊಬ್ಬರಿ ದಿಲ್ಲಿಗೇ ಗೊತ್ತು. ಶೆಟ್ಟಿಕೆರೆ ಅಂತ ಬರೆದ್ರೆ ಸಾಕು" ಎಂದೆ. ಉತ್ತರವನ್ನೂ ನಾನೇ ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದೆ. (ಉಪಕಾರ ಮಾಡಿದೆನೆಂಬ ಜಂಬ ಬೇರೆ!)

ಹಣ ಬಂತು. ನಮ್ಮ ಶೆಟ್ಟಿಕೆರೆಗಲ್ಲ. ಎಲ್ಲೋ ಇನ್ನೊಂದು ಶೆಟ್ಟಿಕೆರೆ ಇದೆಯಂತೆ, ಅಲ್ಲೂ ಅದೇ ಬ್ಯಾಂಕಿದೆಯಂತೆ! ನಮ್ಮೂರು ನಮಗೆ ದೊಡ್ಡದು, ಸರಿ. ಕುವೈತಿನ ಗುಮಾಸ್ತನಿಗೂ ದೊಡ್ಡದಾಗಿರಬೇಕು ಅಂದರೆ ಹೇಗೆ ಸ್ವಾಮಿ?

ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಡಾಕ್ಟರ ತಾರೀಖು ದಾಟಿತ್ತು. ಮತ್ತೆ ಸಿಕ್ಕ ತಾರೀಖು ಉಗಾದಿ ಕಳೆದ ಮೇಲಿನದು.

ತಲೆ ತಗ್ಗಿಸಿಕೊಂಡು ಸಾಬರ ಮನೆಗೆ ಹೋದೆ. "ಸದ್ಯಕ್ಕೆ ದುಡ್ಡು ನಾನು ಕೊಡ್ತೀನಿ" ಎಂದೆ. ಅವರ ಹೆಂಡತಿ ಜುಬೇದಮ್ಮ ನನ್ನ ದನಿ ಬಂದ ಕಡೆಗೆ ತಿರುಗಿದರು.

"ದುಡ್ಡು ಕೊಡ್ತೀರ ಕಣಣ್ಣಾ, ತಾರೀಕು ಯಾರ್ ಕೊಡ್ತಾರೆ? ಮಗಳು ಬಾಣಂತನಕ್ಕೆ ಬಂದವ್ಳೆ. ಉಗಾದಿ ಹೊತ್ಗೆ ಕೂಸೆತ್ಕಂಡು ಗಂಡನ ಮನೆಗೆ ಹೊರ್ಟೋಯ್ತಾಳೆ. ಒಂದ್ಸಲ ಅದರ ಮುಖ ನೋಡನ ಅಂತಿದ್ದೆ."

ಮರುದಿನವೇ ಬ್ಯಾಂಕಿಗೆ ಹೋಗಿ ಕೋಡ್ ಕೇಳಿದೆ. ಮ್ಯಾನೇಜರು ಚೀಟಿಯಲ್ಲಿ ಬರೆದುಕೊಟ್ಟರು. ಎಷ್ಟು ಹೊತ್ತು ಹಿಡಿಯಿತು ಅಂತೀರಿ? ಅರ್ಧ ನಿಮಿಷ.

ಇಷ್ಟಾದ ಮೇಲಾದರೂ ನಾಲಿಗೆ ಹಿಡಿತಕ್ಕೆ ಬರಬೇಕಲ್ಲ? ಹೋದ ವಾರ ದಿಲ್ಲಿಗೆ ಲೋಡು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಸಾಬರು ಮಾತ್ರ ಒಂದೊಂದೇ ಚೀಲಕ್ಕೆ ನಿಧಾನವಾಗಿ ಮಾರ್ಕು ಬರೆಯುತ್ತಿದ್ದರು.

"ಅದೆಷ್ಟೊತ್ತು ಸಾಬ್ರೇ, ಬೇಗ ಆಗ್ಲಿ!" ಎಂದು ಗದರಿದೆ.

ಸಾಬರು ಬ್ರಷ್ಷನ್ನು ಬಣ್ಣದ ಡಬ್ಬದಲ್ಲಿಟ್ಟು ಎದ್ದು ನಿಂತರು.

"ಹಂಗಾರೆ ಮಾರ್ಕು ಯಾಕಣ್ಣಾ? ನಮ್ ಕೊಬ್ರಿ ದಿಲ್ಲಿಗೇ ಗೊತ್ತಲ್ವಾ?"