ಒಬ್ಬಳೇ ಅಳಲಾರೆ ಎಂದ ಹುಲಿಯಮ್ಮ

ಹೊಸನಗರದ ಬಸ್ ನಿಲ್ದಾಣದ ಎದುರು ಗುತ್ಯಪ್ಪ, ಹುಲಿಯಮ್ಮ ಎಂಬ ಗಂಡ ಹೆಂಡತಿಯ ಸಣ್ಣ ಹೋಟೆಲೊಂದಿದೆ. ಗುತ್ಯಪ್ಪ ಕಡುಬು ಬೇಯಿಸುತ್ತಾನೆ, ಚಹಾ ಕಾಸುತ್ತಾನೆ, ಲೋಟ ತೊಳೆಯುತ್ತಾನೆ. ಹುಲಿಯಮ್ಮ ಮಾತಾಡುತ್ತಾಳೆ. ಹೋಟೆಲು ನಡೆಯುವುದು ಯಾರಿಂದ ಎಂದು ಕೇಳಿದರೆ ಇಬ್ಬರೂ ಹುಲಿಯಮ್ಮನ ಹೆಸರನ್ನೇ ಹೇಳುತ್ತಾರೆ.

ಹುಲಿಯಮ್ಮನಿಗೆ ಇನ್ನೊಂದು ಕಸುಬೂ ಇತ್ತು: ಸಿನಿಮಾದಲ್ಲಿ ಅಳುವುದು. ತೀರ್ಥಹಳ್ಳಿ, ಸಾಗರದ ಕಡೆ ಶೂಟಿಂಗಿನವರು ಬಂದಾಗಲೆಲ್ಲ ಸುರೇಂದ್ರ ಎಂಬಾತ ತನ್ನ ವ್ಯಾನಿನಲ್ಲಿ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದ. ಮದುವೆಯ ದೃಶ್ಯವಿದ್ದರೆ ಅವರೇ ನೆಂಟರು, ಸಂತೆಯಾದರೆ ಗಿರಾಕಿಗಳು, ಸಾವಾದರೆ ಅಳುವವರು. ಬೇರೆಯವರಿಗೆಲ್ಲ ಕಣ್ಣಿಗೆ ಗ್ಲಿಸರಿನ್ ಹಚ್ಚಬೇಕಿತ್ತು. ಹುಲಿಯಮ್ಮನಿಗೆ ಬೇಡ. ‘ಆ್ಯಕ್ಷನ್’ ಎಂದರೆ ಸಾಕು, ಕಣ್ಣಿಂದ ನೀರು ಇಳಿಯುತ್ತಿತ್ತು.

“ಎಂತ ನೆನಪು ಮಾಡ್ಕೊಳ್ತೀರಿ ಅಮ್ಮ?” ಎಂದು ನಿರ್ದೇಶಕನೊಬ್ಬ ಕುತೂಹಲದಿಂದ ಕೇಳಿದ್ದ.

“ದೊಡ್ಡದೆಂತ ಇಲ್ಲ ಸ್ವಾಮಿ. ನಮ್ಮನೆಯವ್ರ ಮುಖ ನೆನಪು ಮಾಡ್ಕೊಳ್ತೀನಿ.”

ಈ ಮಾತು ಗುತ್ಯಪ್ಪನ ಕಿವಿಗೆ ಬಿದ್ದಾಗ ಅವನು ಲೋಟ ತೊಳೆಯುವುದನ್ನು ನಿಲ್ಲಿಸದೆಯೇ, “ಅಷ್ಟಾದ್ರೂ ಉಪಯೋಗಕ್ಕೆ ಬಂದ್ನಲ್ಲ” ಎಂದನಂತೆ.

ಕೈಗೆ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಸಿಗದಿದ್ದರೂ ಆ ಹೆಂಗಸರು ಹೋಗುತ್ತಿದ್ದರೇನೋ. ವ್ಯಾನಿನಲ್ಲಿ ಹಾಡು, ನಗೆ, ಒಬ್ಬರ ಸೊಸೆಯ ಸುದ್ದಿ, ಇನ್ನೊಬ್ಬರ ಸೊಂಟನೋವಿನ ಸುದ್ದಿ. ಮಧ್ಯಾಹ್ನ ಇನ್ಯಾರೋ ಅಡುಗೆ ಮಾಡಿ ಬಡಿಸುವ ಊಟ. ಹುಲಿಯಮ್ಮನ ಪಕ್ಕದ ಸೀಟು ಯಾವಾಗಲೂ ಶ್ಯಾಮಲಾಳದು. ಹೊಲಿಗೆ ಅಂಗಡಿಯ ಶ್ಯಾಮಲಾ ಹುಲಿಯಮ್ಮನಿಗಿಂತ ಚಿಕ್ಕವಳು. ಅಳುವುದರಲ್ಲಿ ತಾನೇನೂ ಅಕ್ಕನಿಗಿಂತ ಕಡಿಮೆಯಲ್ಲ ಎಂದು ಅವಳ ನಂಬಿಕೆ. ಕ್ಯಾಮೆರಾ ಮಾತ್ರ ಯಾಕೋ ಅತ್ತ ತಿರುಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಸುರೇಂದ್ರ ಬಂದು, “ಈ ಸಲ ನೀವೊಬ್ರೇ ಸಾಕಂತೆ ಹುಲಿಯಕ್ಕ. ಸಾಗರದಲ್ಲಿ ಕಂಪ್ಯೂಟರಿನವರು ಕಾಯ್ತಿದಾರೆ” ಎಂದ.

ಸಾಗರದ ಕಲ್ಯಾಣಮಂಟಪವೊಂದರಲ್ಲಿ ಹಸಿರು ಬಟ್ಟೆ ಕಟ್ಟಿ, ಸುತ್ತಲೂ ಕ್ಯಾಮೆರಾಗಳನ್ನು ನಿಲ್ಲಿಸಿದ್ದರು. ಮಧ್ಯೆ ಖಾಲಿ ಜಾಗ. ಬೆಂಗಳೂರಿನಿಂದ ಬಂದಿದ್ದ ಮೇಘನಾ ಎಂಬ ಹುಡುಗಿ ಅಲ್ಲಿ ಹುಲಿಯಮ್ಮನನ್ನು ನಿಲ್ಲಿಸಿ ವಿವರಿಸಿದಳು. ರಾಜನೊಬ್ಬ ಸಾಯುವ ಸಿನಿಮಾ. ಕೋಟೆಯ ಮುಂದೆ ಊರಿಗೆ ಊರೇ ಸೇರಿ ಅಳಬೇಕು.

“ಅಷ್ಟೂ ಜನರನ್ನ ಕರೆಸೋಕೆ ಆಗಲ್ಲಮ್ಮ. ನಿಮ್ಮ ಅಳುವನ್ನ ಕಂಪ್ಯೂಟರ್ ಕಲಿತುಕೊಳ್ಳುತ್ತೆ. ಆಮೇಲೆ ಬೇರೆ ಬೇರೆ ಮುಖ ಹಾಕಿ ಸಾವಿರ ಜನರ ಕೈಲಿ ಅಳಿಸುತ್ತೆ.”

ಹುಲಿಯಮ್ಮ ಸ್ವಲ್ಪ ಯೋಚಿಸಿದಳು. “ನಮ್ಮತ್ತೆ ಸತ್ತಾಗ ನನಗೆ ಒಂದು ಹನಿ ಬಂದಿರ್ಲಿಲ್ಲ ಮಗಾ. ಈಗ ಸಾವಿರ ಜನಕ್ಕೆ ಆಗೋವಷ್ಟು ಬರ್ಬೇಕು ಅಂತೀಯ.”

ಬಂತು. ನಿಂತು ಅತ್ತಳು, ಕೂತು ಅತ್ತಳು, ಎದೆ ಬಡಿದುಕೊಂಡು ಅತ್ತಳು. ಆಮೇಲೆ ಮೇಘನಾ, “ಈಗ ಸುಮ್ನೆ ಇರಿ. ಜನ ಗುಂಪಲ್ಲಿ ನಿಂತಾಗ ಏನೇನೋ ಮಾಡ್ತಾ ಇರ್ತಾರಲ್ಲ, ಹಾಗೆ. ಅದೂ ಬೇಕು” ಎಂದಳು.

ಸುಮ್ಮನಿರುವುದು ಹುಲಿಯಮ್ಮನಿಗೆ ಒಗ್ಗದ ಕೆಲಸ. ಮಾತಾಡೋಣವೆಂದರೆ ಎದುರಿಗೆ ಬರೀ ಕ್ಯಾಮೆರಾ. ಮೊದಲು ಆಕಳಿಸಿದಳು. ಸೊಂಟದ ಸಂಚಿ ತೆಗೆದು ಎಲೆಗೆ ಸುಣ್ಣ ಹಚ್ಚಿದಳು. ಮೂಲೆಯಲ್ಲಿ ಫೋನು ನೋಡುತ್ತ ಕೂತಿದ್ದ ಸುರೇಂದ್ರನ ಹಾಗೆ ಹೊಟ್ಟೆ ಸವರಿಕೊಂಡಳು. ಅವನು ತಲೆ ಎತ್ತಿದ ಕೂಡಲೇ ನಾಲಗೆ ಚಾಚಿದಳು. ಮೇಘನಾ ಪರದೆ ನೋಡುತ್ತ, “ತುಂಬ ಸಹಜವಾಗಿದೆ” ಎಂದಳು.

ಸಿನಿಮಾ ಬಿಡುಗಡೆಯಾದಾಗ ಸುರೇಂದ್ರನ ವ್ಯಾನು ಹೆಂಗಸರನ್ನೆಲ್ಲ ತುಂಬಿಕೊಂಡು ಸಾಗರದ ಚಿತ್ರಮಂದಿರಕ್ಕೆ ಹೊರಟಿತು. ಯುದ್ಧ ಮುಗಿಯಿತು, ರಾಜ ಸತ್ತ, ಕೋಟೆಯ ಮುಂದೆ ಕಣ್ಣು ಹಾಯುವವರೆಗೂ ಜನ ಅಳತೊಡಗಿದರು. ಹುಲಿಯಮ್ಮ ತನ್ನನ್ನು ಹುಡುಕಿದಳು. ಎಲ್ಲೂ ಕಾಣಲಿಲ್ಲ. ಮುಖಗಳೆಲ್ಲ ಬೇರೆಯವರವು.

ಮೊದಲು ಕಂಡುಹಿಡಿದದ್ದು ಶ್ಯಾಮಲಾ. “ಹುಲಿಯಕ್ಕ, ಆ ಮೀಸೆಯವನ್ನ ನೋಡು.”

ಗಿರಿಜಾ ಮೀಸೆಯ ದಳಪತಿಯೊಬ್ಬ ಇಲ್ಲದ ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಂಟಕ್ಕೆ ಕೈ ಹಾಕಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಹಿಂದೆ ಬಿಳಿಗಡ್ಡದ ಪುರೋಹಿತನೊಬ್ಬ ಹೊಟ್ಟೆ ಸವರಿಕೊಂಡ. ಪಕ್ಕದಲ್ಲಿ ಈಟಿ ಹಿಡಿದ ಸಾಲು ಸಾಲು ಸೈನಿಕರು, ಒಬ್ಬರಾದ ಮೇಲೆ ಒಬ್ಬರಂತೆ, ಸತ್ತ ರಾಜನ ಕಡೆಗೆ ನಾಲಗೆ ಚಾಚಿದರು.

ಹೆಂಗಸರ ಸಾಲಿನಲ್ಲಿ ಮೊದಲು ಒಂದು ಕಿಸಕ್ ಎಂಬ ಸದ್ದು, ಆಮೇಲೆ ಇಡೀ ಸಾಲೇ ಅಲುಗಾಡಿತು. ಮುಂದಿನ ಸೀಟಿನವರು ತಿರುಗಿ, “ಸಾವಿನ ಸೀನಲ್ಲಿ ಎಂತ ನಗೆ ನಿಮ್ಮದು?” ಎಂದು ಗದರಿದರು. ಹುಲಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ನಗೆ ವ್ಯಾನು ಹತ್ತುವವರೆಗೂ ಇತ್ತು. ಹೊಸನಗರದ ದಾರಿ ಹಿಡಿದ ಮೇಲೆ ಶ್ಯಾಮಲಾ ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಊರಿಗೆಲ್ಲ ನೀನೊಬ್ಳೇ ಅತ್ರೆ ಇನ್ನು ನಮ್ಮನ್ನ ಯಾರು ಕರೀತಾರೆ?”

ಹುಲಿಯಮ್ಮ ಸೊಂಟದ ಸಂಚಿ ತೆಗೆದು, ಎಲೆಗೆ ಸುಣ್ಣ ಹಚ್ಚದೆಯೇ ಮತ್ತೆ ಸಿಕ್ಕಿಸಿಕೊಂಡಳು. ಕಲ್ಯಾಣಮಂಟಪದಲ್ಲಿ ಅಳುವಾಗ ತಾನು ಇವರ ಪಾಲಿನದ್ದನ್ನೂ ಅಳುತ್ತಿದ್ದೇನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆಮೇಲೆ ಶ್ಯಾಮಲಾ ಹೋಟೆಲಿನ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿ ಹಿಡಿಯತೊಡಗಿದಳು. ಅಷ್ಟು ಮಾತಾಡುವ ಹುಲಿಯಮ್ಮನೂ ಆ ರಸ್ತೆ ದಾಟಿ ಹೋಗಿ ಅವಳ ಹತ್ತಿರ ಒಂದು ಮಾತು ಆಡಲಿಲ್ಲ. ಗುತ್ಯಪ್ಪ ಇದನ್ನು ಗಮನಿಸಿದ, ಆದರೆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮುಂದುವರಿಸಿದ.

ಮಳೆಗಾಲ ಕಳೆದ ಮೇಲೆ ಮೇಘನಾ ಮತ್ತೆ ಬಂದಳು. ಈ ಸಲದ್ದು ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ನೋಡುವ ಚಿತ್ರ. ನೋಡುವವನು ಒಂದು ಸಾವಿನ ಮನೆಯ ನಡುವೆಯೇ ನಿಂತಂತಿರುತ್ತದೆ. ಎಡಕ್ಕೆ ತಿರುಗಿದರೆ ಎಡಗಡೆಯವರು ಅಳುತ್ತಾರೆ, ಬಲಕ್ಕೆ ತಿರುಗಿದರೆ ಬಲಗಡೆಯವರು. ಆ ಮನೆಯ ಹೆಂಗಸರನ್ನೆಲ್ಲ ಹುಲಿಯಮ್ಮನೊಬ್ಬಳಿಂದಲೇ ಮಾಡುವುದೆಂದು ಅವರ ಯೋಚನೆ.

ಅದೇ ಕಲ್ಯಾಣಮಂಟಪ, ಅದೇ ಹಸಿರು ಬಟ್ಟೆ. ‘ಆ್ಯಕ್ಷನ್’ ಎಂದರು. ಹುಲಿಯಮ್ಮನ ಕಣ್ಣು ಒಣಗಿಯೇ ಇತ್ತು.

“ಏನಾಯ್ತಮ್ಮ?”

“ಬರ್ತಾ ಇಲ್ಲ ಮಗಾ.”

ಗ್ಲಿಸರಿನ್ ತಂದರು. ಹುಲಿಯಮ್ಮ ಸೀನಿದಳು. ಇನ್ನೊಮ್ಮೆ ಹಚ್ಚಿದರು. ಎಲ್ಲ ಕ್ಯಾಮೆರಾಗಳ ಎದುರು ಇನ್ನೊಮ್ಮೆ ಸೀನಿದಳು. ಅದು ನಿಜವಾದ ಸೀನೋ ಮಾಡಿಕೊಂಡದ್ದೋ ಎಂಬುದು ಸುರೇಂದ್ರನಿಗೆ ಗೊತ್ತಿತ್ತು. ಅವನು ಫೋನಿನಿಂದ ತಲೆ ಎತ್ತಲಿಲ್ಲ.

“ಹೋದ ಸಲ ಎಷ್ಟು ಚೆನ್ನಾಗಿ ಬಂತಲ್ಲ?” ಮೇಘನಾಳ ದನಿ ಸೋತಿತ್ತು.

“ಹೋದ ಸಲ ಗೊತ್ತಾಗ್ಲಿಲ್ಲ. ನಮ್ಮ ಕಡೆ ಯಾರೂ ಒಬ್ಬೊಬ್ರೇ ಅಳೂದಿಲ್ಲ ಮಾರಾಯ್ತಿ. ಒಬ್ಬಳೇ ಕೂತು ಅಳೋವಷ್ಟು ನನಗೆಂತ ಬಂದಿದೆ? ನಾಲ್ಕು ಜನ ಜೊತೆಗೆ ಕೂತ್ರೆ ಬರ್ತದೇನೋ.”

ಮೇಘನಾ ಬೆಂಗಳೂರಿಗೆ ಫೋನು ಮಾಡಿದಳು, ಬಹಳ ಹೊತ್ತು ವಾದಿಸಿದಳು. ಕೊನೆಗೆ ಸುರೇಂದ್ರನ ಕಡೆ ತಿರುಗಿದಳು. ಅವನು ಆಗಲೇ ವ್ಯಾನಿನ ಕೀಲಿ ಹಿಡಿದು ಎದ್ದು ನಿಂತಿದ್ದ.

ಊಟದ ಹೊತ್ತಿಗೆ ಹೆಂಗಸರೆಲ್ಲ ಬಂದಿಳಿದರು. ಶ್ಯಾಮಲಾ ಎಲ್ಲರಿಗಿಂತ ಹಿಂದೆ ಇಳಿದು, ಎಲ್ಲರಿಗಿಂತ ದೂರದಲ್ಲಿ ಕೂತು ಉಂಡಳು. ಆದರೆ ಹೊಸ ತೊಂದರೆಯೊಂದು ಶುರುವಾಯಿತು. ಎಲ್ಲರನ್ನೂ ಒಟ್ಟಿಗೆ ಕಂಡ ಖುಷಿಗೆ ಹುಲಿಯಮ್ಮನಿಗೆ ಈಗ ನಿಜವಾಗಿಯೂ ಅಳು ಬರುತ್ತಿರಲಿಲ್ಲ. ಬಾಯಿ ತೆರೆದರೆ ನಗೆ. ಪಕ್ಕದವರಿಗೂ ಅದೇ ಅಂಟಿತು. ಮೂರ್ನಾಲ್ಕು ಸಲ ಹಾಳಾದ ಮೇಲೆ ಮೇಘನಾ, “ಅಮ್ಮ, ನೀವು ಹೆಣ ಆಗಿಬಿಡಿ” ಎಂದಳು.

ಹುಲಿಯಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ಮೂಗಿಗೆ ಹತ್ತಿಯಿಟ್ಟು, ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದೆಸಿದರು. ಹೆಂಗಸರು ಸುತ್ತ ಕೂತರು. ತಲೆಯ ಬಳಿಯ ಜಾಗ ಶ್ಯಾಮಲಾಳಿಗೆ ಸಿಕ್ಕಿತು.

‘ಆ್ಯಕ್ಷನ್’ ಎಂದದ್ದೇ ಶ್ಯಾಮಲಾ ಹೆಣದ ಕೆನ್ನೆಗೆ ಎರಡೂ ಕೈಯಿಟ್ಟು ರಾಗ ತೆಗೆದಳು. “ನಮ್ಮನ್ನೆಲ್ಲ ಬಿಟ್ಟು ಒಬ್ಳೇ ಹೋದ್ಯಲ್ಲೇ ಅಕ್ಕಾ... ನಾವು ನಿನಗೆ ಎಂತ ಮಾಡಿದ್ವೇ... ಜೊತೆಗೆ ಬಾರೇ ಅಂತ ಒಂದು ಮಾತು ಕರೀಲಿಲ್ವಲ್ಲೇ... ಎದ್ರಿಗೇ ಇದ್ದು ಮಾತಾಡ್ಸಲಿಲ್ವಲ್ಲೇ...”

ಮೇಘನಾಳಿಗೆ ಮೈ ಜುಮ್ಮೆಂದಿತು. ಉಳಿದ ಹೆಂಗಸರಿಗೆ ಅದು ಬೈಗುಳವೆಂದು ಗೊತ್ತಾಗಿ, ಅವರೂ ಒಬ್ಬೊಬ್ಬರೇ ದನಿ ಸೇರಿಸಿದರು. ಸಾಗರದ ಸಿನಿಮಾದ ದಿನದಿಂದ ಒಳಗೆ ಇಟ್ಟುಕೊಂಡಿದ್ದನ್ನೆಲ್ಲ ಹೆಣದ ಮೇಲೆ ಸುರಿದರು. ಯಾವ ಮಾತಿಗೂ ಹುಲಿಯಮ್ಮ ಉತ್ತರ ಕೊಡುವಂತಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವಳು ಬೇರೆಯವರ ಮಾತನ್ನು ಕೊನೆಯವರೆಗೂ ಕೇಳಿದಳು. ಕೇಳುತ್ತ ಕೇಳುತ್ತ ಮುಚ್ಚಿದ ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆ ಹರಿಯಿತು.

“ಕಟ್. ಹೆಣ ಅಳ್ತಾ ಇದೆ” ಎಂದಳು ಮೇಘನಾ.

ಹುಲಿಯಮ್ಮ ಎದ್ದು ಕೂತು ಮೂಗಿನ ಹತ್ತಿ ಕಿತ್ತಳು. “ಎಲ್ಲ ಹೇಳಿ ಆಯ್ತನೇ ನಿಂದು?”

“ಇನ್ನೂ ಸ್ವಲ್ಪ ಇದೆ” ಎಂದಳು ಶ್ಯಾಮಲಾ, ಮೂಗು ಒರೆಸಿಕೊಳ್ಳುತ್ತ.

“ಹಾಗಾದ್ರೆ ಇನ್ನೊಂದು ಟೇಕ್ ತಗೊಳ್ಳಿ ಮಗಾ” ಎಂದು ಹುಲಿಯಮ್ಮ ಮತ್ತೆ ಮಲಗಿದಳು.

ಇದರಿಂದ ಲೋಕವೇನೂ ಬದಲಾಗಲಿಲ್ಲ. ಆಮೇಲೆ ತೀರ್ಥಹಳ್ಳಿಯ ಕಡೆ ನಡೆದ ಶೂಟಿಂಗೊಂದಕ್ಕೆ ಇವರಲ್ಲಿ ಯಾರನ್ನೂ ಕರೆಯಲಿಲ್ಲ. ಜಾತ್ರೆಯ ಜನವನ್ನು ಕಂಪ್ಯೂಟರೇ ಸೇರಿಸಿತಂತೆ. ಮೇಘನಾ ಮಾತ್ರ ಆಗಾಗ ಕರೆಯುತ್ತಾಳೆ, ಕರೆದರೆ ವ್ಯಾನು ತುಂಬ ಕರೆಯುತ್ತಾಳೆ. ಶ್ಯಾಮಲಾ ಈಗ ರಸ್ತೆಯ ಈಚೆ ಬದಿಯಲ್ಲೇ ನಡೆಯುತ್ತಾಳೆ. ಬಹಳ ಸಲ ನಡೆಯುವುದನ್ನೂ ಬಿಟ್ಟು ಹೋಟೆಲಿನ ಬೆಂಚಿನ ಮೇಲೆ ಕೂತಿರುತ್ತಾಳೆ.

ಪೆಟ್ಟಿಗೆಯ ಚಿತ್ರ ಸಿದ್ಧವಾದಾಗ ಮೇಘನಾ ಅದನ್ನು ಸಾಗರಕ್ಕೆ ತಂದು ಎಲ್ಲರಿಗೂ ತೋರಿಸಿದಳು. ಗುತ್ಯಪ್ಪನೂ ಅಂದು ಹೋಟೆಲಿಗೆ ಬಾಗಿಲು ಹಾಕಿ ಬಂದಿದ್ದ. ಕಣ್ಣಿಗೆ ಪೆಟ್ಟಿಗೆ ಕಟ್ಟಿದರು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಕೆಳಗೆ ನೋಡಿ ಹಾಗೇ ನಿಂತುಬಿಟ್ಟ. ಸ್ವಲ್ಪ ಹೊತ್ತಿಗೆ ಬಗ್ಗಿ, ಗಾಳಿಯಲ್ಲಿ ಕೈಯಾಡಿಸಿ, ಯಾರದೋ ಪಾದದ ಮೇಲೆ ಹೊದಿಕೆ ಎಳೆಯುವಂತೆ ಮಾಡಿದ. ಕೈ ಪ್ಲಾಸ್ಟಿಕ್ ಕುರ್ಚಿಗೆ ಬಡಿಯಿತು.

ಪೆಟ್ಟಿಗೆ ಬಿಚ್ಚಿದ ಮೇಲೆ ಹುಲಿಯಮ್ಮ ಕೇಳಿದಳು: “ಎಂತ ಕಂಡ್ತು?”

“ನೀನು ಸತ್ತಿದ್ದೆ.”

“ಹೇಗಿದ್ದೆ?”

“ಮಾತಾಡ್ತಾ ಇರ್ಲಿಲ್ಲ. ಅದೇ ಹೆದ್ರಿಕೆ ಆಯ್ತು.”

ಹುಲಿಯಮ್ಮ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. “ಎಲ್ಲರಿಗಿಂತ ಯಾರು ಚೆಂದ ಅತ್ತಿದ್ದು?”

“ಶ್ಯಾಮಲಾ” ಎಂದ ಗುತ್ಯಪ್ಪ, ಸ್ವಲ್ಪವೂ ಯೋಚಿಸದೆ. ಆಮೇಲೆ ಮೇಘನಾಳ ಕಡೆ ತಿರುಗಿ, “ಇನ್ನೊಂದ್ಸಲ ನೋಡ್ಬಹುದಾ?” ಎಂದ.

“ಸಾಕು. ಒಂದೇ ಹೆಣ ಎರಡೆರಡು ಸಲ ನೋಡೂದಲ್ಲ” ಎನ್ನುತ್ತ ಹುಲಿಯಮ್ಮ ಗಂಡನ ಕೈ ಹಿಡಿದು ಹೊಸನಗರದ ಬಸ್ಸಿನ ಕಡೆ ಎಳೆದುಕೊಂಡು ಹೊರಟಳು.